ನಾನು ತೆಗೆದುಹಾಕಿದ ಒಂಬತ್ತು ಸಾಲು

ಮೊನ್ನೆ ನಮ್ಮ ಓಣಿಯ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹೊಸ ಹುಡುಗಿ ನನ್ನನ್ನು ಕೇಳಿದಳು: "ಅಜ್ಜಾರೆ, ನಿಮ್ಮ ಕಾಲದಾಗೆ ಡಿಲೀಟ್ ಮಾಡಬೇಕಂದ್ರೆ ಏನ್ ಮಾಡ್ತಿದ್ರಿ?"

"ಚಿಮಟದಾಗೆ ಕೀಳ್ತಿದ್ವಿ ಕಣವ್ವ, ಹಲ್ಲು ಕಿತ್ತಂಗೆ," ಅಂದೆ.

ಅಂಗಡಿಯವರೆಲ್ಲ ನಕ್ಕರು. ಹುಡುಗಿ ಬಿಡಲಿಲ್ಲ. "ಹಂಗ್ ಕಿತ್ತಿದ್ದು ಎಲ್ಲಿಗೆ ಹೋಗ್ತಿತ್ತು?"

ಆಗ ಏನೋ ಹೇಳಿ ಬಂದೆ. ಸರಿಯಾದ ಉತ್ತರ ಕೊಡಬೇಕೆಂದರೆ ಇಷ್ಟು ಬರೆಯಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದೇ ಬರೆಯುತ್ತಿದ್ದೇನೆ.

ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ಅಚ್ಚುಕೂಟಕ್ಕೆ ನಾನು ಸೇರಿದಾಗ ಓದಿದ್ದು ನಾಲ್ಕನೇ ಕ್ಲಾಸು. ಮುಂದಿನದನ್ನೆಲ್ಲ ಸೀಸದ ಮೊಳೆಗಳೇ ಕಲಿಸಿದವು. ಮೊಳೆ ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ತುಂಡು, ತಲೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಇರುತ್ತಿತ್ತು. ಅವನ್ನು ಇಡುವ ಮರದ ಕೇಸುಗಳಲ್ಲಿ ನೂರಾರು ಗೂಡು. ಗುಣಿತಾಕ್ಷರಕ್ಕೆ ಬೇರೆ, ಒತ್ತಿಗೆ ಬೇರೆ. ಇಂಗ್ಲಿಷ್ ಜೋಡಿಸುವವನು ನಿಂತಲ್ಲೇ ನಿಂತು ಕೆಲಸ ಮಾಡುತ್ತಿದ್ದ. ಕನ್ನಡದವನು ಇಡೀ ದಿನ ನಡೆಯುತ್ತಿದ್ದ. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸುವ ಸ್ಟಿಕ್ಕು ಎನ್ನುವ ಕಬ್ಬಿಣದ ಪಟ್ಟಿ, ಬಲಗೈ ಗೂಡಿನಿಂದ ಗೂಡಿಗೆ. ಎರಡು ವರ್ಷ ಕಳೆದ ಮೇಲೆ ನನ್ನ ಕೈ ನೋಡದೆಯೇ ಹೋಗುತ್ತಿತ್ತು. ಜಂಬ ಅನ್ನಿಸಿದರೆ ಅನ್ನಿಸಲಿ: ನನ್ನಷ್ಟು ಚೊಕ್ಕವಾಗಿ ಪುಟ ಕಟ್ಟುವವರು ಹರಿಹರದಿಂದ ಈ ಕಡೆ ನಾಲ್ಕು ಜನ ಇರಲಿಲ್ಲ.

ನನ್ನನ್ನು ತಿದ್ದಿದವರು ಫೋರ್‌ಮನ್ ಖಾದರ್ ಸಾಹೇಬರು. ಮನೆಯಲ್ಲಿ ಉರ್ದು, ಕೇಸಿನ ಮುಂದೆ ಅಪ್ಪಟ ಕನ್ನಡ. ಮೂಗಿನ ತುದಿಗೆ ಕನ್ನಡಕ, ಅಂಗಿಯ ಜೇಬಿನಲ್ಲಿ ಒಂದು ಹಿಡಿ ಮಂಡಕ್ಕಿ. ಅವರದು ಒಂದೇ ಪಾಠ: "ಅಕ್ಷರ ನೋಡು ಕೊಟ್ರ್ಯಾ, ಅರ್ಥ ನೋಡಬ್ಯಾಡ. ಅರ್ಥ ನೋಡಿದೋನು ಬರೆದಿದ್ದು ಬಿಟ್ಟು ತನಗೆ ಬೇಕಾದ್ದು ಜೋಡಿಸ್ತಾನೆ." ಮಾತು ನಿಜ. ಅರ್ಥ ಹಿಡಿದು ಹೋದರೆ ಕಣ್ಣು ಮುಂದೆ ಓಡುತ್ತದೆ, ಕೈ ತಪ್ಪುತ್ತದೆ. ಈಗಿನವರಿಗೂ ಈ ಪಾಠ ಹೇಳುತ್ತೇನೆ. ಆದರೆ ಅದಕ್ಕೊಂದು ಎಲ್ಲೆ ಇದೆ. ನನಗದು ಗೊತ್ತಾಗಲು ಬಹಳ ದಿನ ಬೇಕಾಯಿತು.

ಬೈಸಿಕೊಂಡಿದ್ದೂ ಉಂಟು. ಒಮ್ಮೆ ಮದುವೆ ಪತ್ರಿಕೆಯ, ಮೊಳೆಗಳ ಸುತ್ತ ದಾರ ಬಿಗಿದು ಕಟ್ಟಿದ ಪುಟ ಹಿಡಿದು ಮೆಟ್ಟಿಲಿಳಿಯುವಾಗ ದಾರ ಬಿಚ್ಚಿಕೊಂಡು ಇಡೀ ಪುಟ ಸುರಿದುಹೋಯಿತು. ಗಂಡಿನ ಮನೆಯವರು ಎದುರಿಗೇ ಬೆಂಚಿನ ಮೇಲೆ ಕೂತಿದ್ದರು. ಅವರಲ್ಲೊಬ್ಬ ಮುದುಕರು ಕೆಳಗೆ ನೋಡಿ, "ಏನಪ್ಪಾ, ಅಕ್ಷತೆ ಇಲ್ಲೇ ಹಾಕಿಬಿಟ್ಯಾ?" ಅಂದರು. ಖಾದರ್ ಸಾಹೇಬರು ನಕ್ಕು, ಅವರು ಹೋದ ಮೇಲೆ ನನ್ನ ಕಿವಿ ಹಿಂಡಿದರು. ಅವತ್ತಿನಿಂದ ನಾನು ಕಟ್ಟಿದ ದಾರ ಬಿಚ್ಚಿದ್ದಿಲ್ಲ.

ಇನ್ನು ನನ್ನ ತಂಗಿ ನೀಲಮ್ಮನ ವಿಷಯ. ನಮ್ಮವ್ವ ಬೇಗ ತೀರಿಕೊಂಡಿದ್ದಳು. ನೀಲಮ್ಮನನ್ನು ಹರಿಹರಕ್ಕೆ ಕೊಟ್ಟಿದ್ದು ನಾನೇ. ಗಂಡ ಚನ್ನಬಸಪ್ಪ, ಹೊಳೆ ಕಡೆಯ ಬೀದಿಯಲ್ಲಿ ಕಿರಾಣಿ ಅಂಗಡಿ, ಕುಡಿತ ಹೊಡೆತ ಏನೂ ಇಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಇದು ನಮ್ಮಲ್ಲಿ ಬರೆದಿಡದ ಕಾನೂನು. ನಾನು ಮಾಡಲಿಲ್ಲ. ದಾವಣಗೆರೆಯ ಆನೆಕೊಂಡದಲ್ಲಿ ನಮಗಿದ್ದದ್ದು ಒಂದೂವರೆ ಕೋಣೆ, ನನ್ನ ಹೆಂಡತಿಯೂ ಆಗಷ್ಟೇ ಹೆತ್ತಿದ್ದಳು. "ಈ ಸಲ ನೀವೇ ನೋಡಿಕೊಳ್ಳಿ" ಎಂದು ಬೀಗರಿಗೆ ಒಂದು ಕಾರ್ಡು ಬರೆದೆ. ಕಾರ್ಡಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಗಂಡು ಮಗು ಹುಟ್ಟಿತು. ಮೂರನೇ ವಾರದಿಂದ ನೀಲಮ್ಮ ನಿದ್ದೆ ಬಿಟ್ಟಳು, ಸುಮ್ಮಸುಮ್ಮನೆ ಅತ್ತಳು, ಮಗು ತನ್ನದಲ್ಲ ಅಂದಳು. ಬಾಣಂತಿ ಸನ್ನಿ ಎಂದರು ಊರವರು. ಒಂದು ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದಿದ್ದಳಂತೆ. ಬಟ್ಟೆ ಒಗೆಯುವ ಹೆಂಗಸರು ಹಿಡಿದು ತಂದರು. ಅವತ್ತಿನಿಂದ ಬಾಣಂತಿ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ನಲವತ್ತು ದಿನಕ್ಕೆ ಎಲ್ಲ ಬಾಣಂತಿಯರೂ ಹೊರಗೆ ಬರುತ್ತಾರೆ. ಅವಳು ಬರಲಿಲ್ಲ.

ಮಗುವಿಗೆ ಮೂರು ತಿಂಗಳಾದಾಗ ಒಂದು ಭಾನುವಾರ ಹೋದೆ. ದಾವಣಗೆರೆಯಿಂದ ಹರಿಹರ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಹೋಳಿಗೆ ಮಾಡಿದ್ದರು. ಉಂಡು ಎದ್ದು ಬಾಗಿಲ ಹತ್ತಿರ ಹೋದೆ.

"ಅಣ್ಣಾ, ಯಾವಾಗ ಬಂದಿ?" ಒಳಗಿನಿಂದ ದನಿ ಸ್ವಚ್ಛವಾಗಿತ್ತು. "ಬಾಗ್ಲು ತಗಿ. ಮಗ ಹೆಂಗಾಗೈತೆ ನೋಡ್ತೀನಿ."

ಅವಳ ಅತ್ತೆ ನನ್ನ ಹಿಂದೆಯೇ ನಿಂತಿದ್ದರು. "ದಿನಾ ಹಂಗೇ ಅಂತಾಳೆ ಬೀಗರೆ. ತಗದ್ರೆ ಹೊಳಿಗೆ ಹೋಗ್ತಾಳೆ. ಈಗ ತವರಿನೋರು ನೀವೇ ಹೇಳ್ರಿ, ಹಿಂಗೇ ಇಟ್ಕೊಳ್ಳೋದೋ, ನಿಮ್ಮನಿಗೆ ಕಳ್ಸೋದೋ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ಹೇಳಿದ ಮಾತು ಇದು: "ಈಗ ಆಕಿ ನಿಮ್ಮನಿ ಹೆಣ್ಮಗಳು. ನೀವು ಹೆಂಗೆ ಅಂತೀರೋ ಹಂಗೆ."

ಆಮೇಲೆ ಬಾಗಿಲ ಕಡೆ ತಿರುಗಿ, "ಬಸ್ಸಿಗೆ ಹೊತ್ತಾಗ್ತೈತೆ ನೀಲಾ, ಇನ್ನೊಮ್ಮೆ ಬರ್ತೀನಿ," ಅಂದೆ. ಹರಿಹರದಿಂದ ದಾವಣಗೆರೆಗೆ ಆಗಲೂ ಬಸ್ಸಿಗೆ ಕೊರತೆ ಇರಲಿಲ್ಲ.

ಐದಾರು ತಿಂಗಳು ಹೋಯಿತು. ಕಾಲೇಜಿನವರ ವಾರ್ಷಿಕ ಸಂಚಿಕೆ ನಮ್ಮಲ್ಲಿ ಅಚ್ಚಿಗೆ ಬಂತು. ಅದರಲ್ಲಿ ವಿಮಲಾ ಮೇಡಂ ಎನ್ನುವ ಕನ್ನಡದ ಲೆಕ್ಚರರ್ ಒಬ್ಬರು ಒಂದು ಹಳೆಯ ಕಥೆಯನ್ನು ಕೊಟ್ಟು, ಅದರ ಕೆಳಗೆ ಅದು ಏನು ಹೇಳುತ್ತದೆ ಎಂದು ಉದ್ದವಾಗಿ ಬರೆದಿದ್ದರು. ಬೇರೆ ಲೆಕ್ಚರರುಗಳು ಜವಾನನ ಕೈಲಿ ಬರಹ ಕಳಿಸುತ್ತಿದ್ದರು. ಈಯಮ್ಮ ತಾವೇ ಬಂದು ಮೊಳೆ ಕೈಯಲ್ಲಿ ಹಿಡಿದು ನೋಡಿದರು.

ಕಥೆ ಇಷ್ಟು. ಸುಜ್ಞಾನಿ ಎನ್ನುವ ಸೊಸೆಗೆ ತಲೆ ಸರಿಯಿಲ್ಲವೆಂದು ಮನೆಯವರು ಕಾಳಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹೊಡೆಯುವುದಿಲ್ಲ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ. ಅವಳು ಗೋಡೆಗೆ ಕಿವಿಯಿಟ್ಟು ಆಚೆಯ ಅಡಿಗೆಮನೆಯ ಸದ್ದು ಕೇಳುತ್ತ, ಒಳಗಿಂದಲೇ ಸಂಸಾರ ನಡೆಸುತ್ತಾಳೆ. ಒಗ್ಗರಣೆಯ ಸದ್ದಿಗೆ "ಸಾಸಿವೆ ಸೀದೀತು" ಅನ್ನುತ್ತಾಳೆ. ಮಗು ಅತ್ತರೆ ಬರಿಗೈಯನ್ನು ತೂಗುತ್ತಾಳೆ. ಕೊನೆಗೊಂದು ದಿನ ಬಾಗಿಲು ತೆರೆದರೆ ಅವಳು ಹೊರಗೆ ಬರುವುದಿಲ್ಲ. ಒಳಗೇ ಬಹಳ ಕೆಲಸ ಇದೆ ಅನ್ನುತ್ತಾಳೆ.

ಖಾದರ್ ಸಾಹೇಬರ ಪಾಠದಂತೆ ನಾನು ಅಕ್ಷರ ಮಾತ್ರ ನೋಡಿದೆ. ಅಕ್ಷರ ನೋಡಿದ್ದರಿಂದಲೇ ಒಂದು ಸಂಗತಿ ಹೊಳೆಯಿತು. ಮೇಡಂ ಬಂದಾಗ ಹೇಳಿದೆ.

"ಮೇಡಮ್ಮಾರೆ, ಈ ಹೆಂಗಸಿನ ಹೆಸರು ಮೊದಲನೇ ಪುಟದಾಗೆ ಒಂದ್ಸಲ ಬರ್ತೈತೆ. ಆಮೇಲೆ ಎಲ್ಲಾ ಕಡೆ ಅವಳು, ಅವಳು, ಅಷ್ಟೆ."

ಅವರು ಕಾಗದ ತಿರುವಿ ನೋಡಿದರು. "ಹೌದಲ್ರೀ! ನಾನು ಹತ್ತು ಸಲ ಓದಿದ್ದೀನಿ, ಗಮನಿಸಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಆ ಹೆಸರಿಗೆ ಬೇಕಾದ ಒತ್ತು ನಮ್ಮತ್ರ ಕಮ್ಮಿ. ಇಡೀ ಕಥೆಗೆ ಬೇಕಾಗ್ತೈತೆ ಅಂತ ಬೇರೆ ಕೆಲಸದಿಂದ ಕಿತ್ತು ಕೂಡಿಟ್ಟಿದ್ದೆ. ಒಂದಕ್ಕೇ ಮುಗೀತು."

ಅವರು ಅಲ್ಲೇ ನಿಂತು ಲೇಖನಕ್ಕೆ ಎರಡು ವಾಕ್ಯ ಸೇರಿಸಿದರು: ಕೋಣೆಯೊಳಗೆ ಹೋದ ಮೇಲೆ ಮೊದಲು ಕಳೆದುಹೋಗುವುದು ಹೆಸರು ಎಂದು. ಖಾದರ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಏನೋ ಪಂಡಿತ, ನಾಳೆಯಿಂದ ಕಾಲೇಜಿಗೆ ಹೋಗ್ತೀಯೋ ಕೇಸಿಗೆ ಬರ್ತೀಯೋ?" ಅಂದರು. ನಾನು ಎರಡು ದಿನ ಉಬ್ಬಿಕೊಂಡು ಓಡಾಡಿದೆ. ಹರಿಹರದ ಮನೆಯಲ್ಲೂ ನೀಲಮ್ಮ ಎನ್ನುವ ಹೆಸರು ನಿಂತುಹೋಗಿತ್ತು, ಎಲ್ಲರೂ ಒಳಗಿನಾಕೆ ಅನ್ನುತ್ತಿದ್ದರು. ಅದು ಮಾತ್ರ ಆ ಎರಡು ದಿನ ನನಗೆ ನೆನಪಾಗಲಿಲ್ಲ.

ಮೂರನೇ ದಿನ ಲೇಖನದ ಕೊನೆಯ ಹಾಳೆಗಳು ಬಂದವು. ಅದರಲ್ಲೊಂದು ಪ್ಯಾರಾ ಆ ಕಥೆಯಲ್ಲಿ ಬರುವ ಅಣ್ಣನ ಮೇಲಿತ್ತು. ಕಥೆಯಲ್ಲಿ ಅಣ್ಣ ಬರುವುದು ನಾಲ್ಕೇ ಸಾಲು. ಹಣ್ಣು ತರುತ್ತಾನೆ, ಬಾಗಿಲ ತನಕ ಹೋಗುತ್ತಾನೆ, "ನಿಮ್ಮ ಮನೆಯವಳು, ನಿಮ್ಮಿಷ್ಟ" ಎಂದು ಹೊರಟುಹೋಗುತ್ತಾನೆ. ಕಥೆಯನ್ನು ಜೋಡಿಸುವಾಗ ಆ ನಾಲ್ಕು ಸಾಲು ನನ್ನ ಕೈಯಡಿಯಲ್ಲಿ ಸುಮ್ಮನೆ ದಾಟಿಹೋಗಿದ್ದವು. ಮೇಡಂ ಅದೇ ನಾಲ್ಕು ಸಾಲು ಹಿಡಿದು ಒಂಬತ್ತು ಸಾಲು ಬರೆದಿದ್ದರು. ಗಂಡನನ್ನು ಬಿಟ್ಟು ಅಣ್ಣನನ್ನು ನಿಲ್ಲಿಸಿ ಕೇಳಿದ್ದರು.

ಕೈ ಅದನ್ನೂ ಜೋಡಿಸಿ ಮುಗಿಸಿತು. ಪುಟ ಕಟ್ಟಿದೆ. ಮುಂದಿನ ಪುಟವೂ ಕಟ್ಟಾಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಿಂದಿನ ಪುಟದ ದಾರ ಬಿಚ್ಚಿ ಆ ಒಂಬತ್ತು ಸಾಲನ್ನು ಎತ್ತಿ ತೆಗೆದೆ. ಒಂದೊಂದೇ ಮೊಳೆಯನ್ನು ಅದರದರ ಗೂಡಿಗೆ ವಾಪಸ್ಸು ಹಾಕಿದೆ. ಖಾಲಿ ಜಾಗ ಕಾಣಬಾರದೆಂದು ಉಳಿದ ಸಾಲುಗಳ ನಡುವೆ ತೆಳು ಸೀಸದ ಪಟ್ಟಿಗಳನ್ನು ತೂರಿಸಿ ಪುಟ ತುಂಬಿಸಿದೆ.

ನಮ್ಮಲ್ಲಿ ಪ್ರೂಫು ನೋಡುವ ಪದ್ಧತಿ ಹೀಗಿತ್ತು: ಒಬ್ಬ ಬರೆದದ್ದನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಹೋಗುವುದು. ಓದುವವನು ನಾನು, ನೋಡುವವರು ಖಾದರ್ ಸಾಹೇಬರು. ಆ ಪ್ಯಾರಾ ಬಂದಾಗ ನಾನು ಓದದೆ ಮುಂದಕ್ಕೆ ಹೋದೆ. ಅವರ ಕಣ್ಣಿನ ಮುಂದೆಯೂ ಅದಿರಲಿಲ್ಲ. ಇಬ್ಬರದೂ ಸರಿಯಾಗಿ ತಾಳೆಯಾಯಿತು. ಮೇಡಂಗೆ ಪರೀಕ್ಷೆಯ ಕೆಲಸವಿತ್ತು. "ಸಾಹೇಬರು ನೋಡಿದ್ದಾರೆ ಅಂದ್ರೆ ಸಾಕು," ಅಂದುಬಿಟ್ಟಿದ್ದರು.

ಪುಸ್ತಕ ಹೊರಬರಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ನಾನು ಹರಿಹರಕ್ಕೆ ಹೋಗಲಿಲ್ಲ. ಅದಕ್ಕೆ ಮೊದಲಿನ ದಿನಗಳಿಗೆ ನೆಪ ಇದೆ: ಮಾಡಿದ್ದು ತಪ್ಪೆಂದು ಗೊತ್ತಿರಲಿಲ್ಲ, ಮನೆಯಲ್ಲಿ ಜಾಗವಿರಲಿಲ್ಲ. ಈ ಒಂದೂವರೆ ತಿಂಗಳಿಗೆ ನನ್ನ ಹತ್ತಿರ ನೆಪವೂ ಇಲ್ಲ.

ಒಂದು ಬೆಳಿಗ್ಗೆ ಮೇಡಂ ಸಂಚಿಕೆ ಹಿಡಿದು ಬಂದರು. ಕೋಪ ಇರಲಿಲ್ಲ. "ಸಾಹೇಬ್ರೆ, ಇಲ್ಲಿ ಒಂದು ಪ್ಯಾರಾ ಬಿಟ್ಟುಹೋಗಿದೆ. ಲೇಖನ ಪೂರ್ತಿ ನಿಂತಿದ್ದೇ ಅದರ ಮೇಲೆ."

ಖಾದರ್ ಸಾಹೇಬರು ಪುಟವನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳನ್ನು ಸಾಲುಗಳ ಮೇಲೆ ನಿಧಾನವಾಗಿ ಎಳೆದರು.

"ಇದು ಬಿಟ್ಟುಹೋಗಿದ್ದಲ್ಲಮ್ಮಾ. ಮರ್ತು ಬಿಟ್ಟಿದ್ರೆ ಕೆಳಗಿಂದು ಮೇಲಕ್ಕೆ ಬರ್ತಿತ್ತು, ಪುಟ ಬಿಗಿಯಾಗೇ ಇರ್ತಿತ್ತು. ಇದು ನೋಡ್ರಿ, ಹೆಂಗೆ ಸಡಿಲ ಐತೆ. ಕಟ್ಟಿದ ಮ್ಯಾಲೆ ತಗದು ಪಟ್ಟಿ ತುಂಬಿದಾರೆ." ಆಮೇಲೆ ನನ್ನ ಕಡೆ ನೋಡದೆ ಕೇಳಿದರು: "ಯಾಕೋ ಕೊಟ್ರ್ಯಾ?"

ಅಚ್ಚು ಒತ್ತುವ ಟ್ರೆಡಲ್ ಮಷಿನ್ ನಿಲ್ಲಿಸಿದರು. ಅಷ್ಟೂ ಜನರ ಎದುರಿಗೆ ಹೇಳಿದೆ. ಕಾರ್ಡು ಬರೆದದ್ದು, ಹೋಳಿಗೆ ಉಂಡದ್ದು, ಹೊರಗಿನ ಚಿಲಕ, ನಾನಾಡಿದ ಮಾತು. ಮೇಡಂ ಬೆಂಚಿನ ಮೇಲೆ ಕೂತರು. ಒಂದೇ ಕೇಳಿದರು: "ಈಗಲೂ ಅಲ್ಲೇ ಇದ್ದಾರಾ?"

"ಅಲ್ಲೇ ಅದಾಳೆ."

ಖಾದರ್ ಸಾಹೇಬರು ನನ್ನ ಕೈಯಿಂದ ಸ್ಟಿಕ್ಕು ಕಿತ್ತುಕೊಂಡರು. "ಅರ್ಥ ನೋಡಬ್ಯಾಡ ಅಂದಿದ್ದು ಕಾಗದದ್ದು ಕಣೋ, ಹುಚ್ಚಾ! ಮನುಷ್ಯರ್ದಲ್ಲ. ಹರಿಹರದ ಬಸ್ ಹತ್ತು. ತಂಗೀನ ಕರ್ಕೊಂಡು ಬರೋ ತನಕ ನನ್ನ ಕೇಸು ಮುಟ್ಟಬ್ಯಾಡ."

"ನಮ್ಮನ್ಯಾಗೆ ಜಾಗ..."

"ನಿಮ್ ಮನ್ಯಾಗೆ ಇಲ್ದಿದ್ರೆ ನಮ್ ಮನ್ಯಾಗೆ ಐತೆ. ನಡಿ!"

ಹೊರಟೆ. ಚನ್ನಬಸಪ್ಪ ಅಂಗಡಿಯಿಂದ ಎದ್ದು ಬಂದರು. ಅವರ ತಾಯಿ ನೀರು ಕೊಡುತ್ತ, "ಏನ್ ಬೀಗರೆ, ದಾರಿ ತಪ್ಪಿ ಬಂದಂಗೈತೆ," ಎಂದು ಕುಟುಕಿದರು.

"ನೀಲಮ್ಮನ್ನ ಕರ್ಕೊಂಡು ಹೋಗಾಕ ಬಂದೀನಿ."

"ಒಳಗಿನಾಕಿನಾ? ಬಸ್ಸಿನಾಗಾ? ದಾರ್ಯಾಗೆ ಏನಾರ ಮಾಡ್ಕೊಂಡ್ರೆ?"

"ನೀಲಮ್ಮ ಅನ್ರಿ ಅಮ್ಮಾರೆ. ಹೆಸರೈತೆ ಆಕಿಗೆ." ನನ್ನ ದನಿ ನನಗೇ ಹೊಸದಾಗಿತ್ತು. "ಅವತ್ತು ನೀವು ಕೇಳಿದ್ರಿ, ನಾನು ತಪ್ಪು ಹೇಳಿದೆ. ಬಾಣಂತನ ತವರಿಂದು. ಈಗ ಮಾಡ್ತೀನಿ."

ಚನ್ನಬಸಪ್ಪ ತಲೆ ಬಗ್ಗಿಸಿ ನಿಂತಿದ್ದರು. ಆಮೇಲೆ ಮೆಲ್ಲಗೆ, "ನಾನೂ ಹೆದರಿದ್ದೆ ಕೊಟ್ರಪ್ಪಾರೆ. ತಗೀರಿ," ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಚಿಲಕ ನಾನೇ ತೆಗೆದೆ. ಬಿಗಿಯಾಗಿತ್ತು, ಅಂಗೈಯಿಂದ ಗುದ್ದಬೇಕಾಯಿತು. ನೀಲಮ್ಮ ಗೋಡೆಗೆ ಒರಗಿ ಕೂತಿದ್ದಳು, ಕಿವಿಗೆ ಬಾಣಂತಿಯ ಬಟ್ಟೆ ಇನ್ನೂ ಕಟ್ಟಿಕೊಂಡಿದ್ದಳು. ತೋಳು ಕಡ್ಡಿಯಾಗಿದ್ದವು. ಕಥೆಯ ಹೆಂಗಸಿನ ಹಾಗೆ ಅವಳು ಸಂಸಾರ ಗಿಂಸಾರ ಏನೂ ನಡೆಸುತ್ತಿರಲಿಲ್ಲ. ಕಥೆ ಬರೆದವರಿಗೆ ಹಾಗೆ ಕಂಡಿದೆ, ನಾನು ಕಂಡದ್ದು ಇದು: ಸುಮ್ಮನೆ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೇಳಿದಳು:

"ಇವತ್ತು ಬಸ್ಸಿಗೆ ಹೊತ್ತಾಗಲ್ಲೇನು?"

ಇಷ್ಟು ವರ್ಷದಲ್ಲಿ ಎಷ್ಟೋ ಜನ ಬೈದಿದ್ದಾರೆ. ಯಾವ ಬೈಗುಳವೂ ಈ ಮಾತಿನಷ್ಟು ಒಳಗಿಳಿದಿಲ್ಲ.

ಮಗುವಿಗೆ ಆಗ ಹತ್ತು ತಿಂಗಳು. ಅವಳು ಕೈ ಚಾಚಿದಳು. ಮಗು ಅಜ್ಜಿಯ ಸೆರಗಿಗೆ ಮುಖ ಮುಚ್ಚಿಕೊಂಡಿತು. ನಾನು ಮೊದಲ ಸಲ ಹೋದಾಗಲೇ ಬಾಗಿಲು ತೆಗೆಸಿದ್ದರೆ ಅದು ಅವಳ ಕಡೆ ಬರುತ್ತಿತ್ತು. ಆ ನಷ್ಟ ನನ್ನ ತಲೆಯ ಮೇಲೆಯೇ ಇದೆ, ಇಳಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ಮುಂದಿನದು ಚಿಕ್ಕದು. ಮೇಡಂ ವಿಚಾರಿಸಿ ಹೇಳಿದಂತೆ ಧಾರವಾಡದಲ್ಲಿ ಡಾಕ್ಟರಿಗೆ ತೋರಿಸಿದೆವು. ಮೂರು ತಿಂಗಳು ಅಲ್ಲಿದ್ದಳು. ಆಮೇಲೆ ನನ್ನ ಹೆಂಡತಿ ತನ್ನ ಕೂಸಿನ ಜೊತೆ ಅವಳನ್ನೂ ಇನ್ನೊಂದು ಕೂಸಿನ ಹಾಗೆ ನೋಡಿಕೊಂಡಳು. ಖಾದರ್ ಸಾಹೇಬರ ಮನೆಯಿಂದ ವರ್ಷಗಟ್ಟಲೆ ಹಾಲು ಬಂತು. ಚನ್ನಬಸಪ್ಪ ಬೇರೆ ಮದುವೆ ಮಾಡಿಕೊಂಡರೂ ಮಗನನ್ನು ತಿಂಗಳಿಗೊಮ್ಮೆ ಕರೆತರುವುದನ್ನು ಬಿಡಲಿಲ್ಲ. ಆ ಹುಡುಗ ದೊಡ್ಡವನಾಗಿ ಅವಳನ್ನು ಅವ್ವ ಎನ್ನಲು ಹದಿನೈದು ವರ್ಷ ಬೇಕಾಯಿತು. ನೀಲಮ್ಮ ನಮ್ಮ ಅಚ್ಚುಕೂಟದಲ್ಲೇ ಬೈಂಡಿಂಗ್ ಕೆಲಸಕ್ಕೆ ನಿಂತಳು. ಅವಳು ಮಡಿಸಿದ ಹಾಳೆಯ ಅಂಚು ದಾರ ಹಿಡಿದು ನೋಡಿದರೂ ಸೊಟ್ಟ ಕಾಣುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಮಾತ್ರ ಯಾವತ್ತೂ ಕೂರಲಿಲ್ಲ.

ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಮೊಳೆಗಳನ್ನು ಗುಜರಿಗೆ ತೂಕಕ್ಕೆ ಹಾಕುವ ದಿನ ನಾನು ಕೇಸಿನ ಮುಂದೆ ಕೊನೆಯ ಸಲ ನಿಂತು ಆ ಒಂಬತ್ತು ಸಾಲು ಜೋಡಿಸಿದೆ. ನೋಡಿ ಜೋಡಿಸಲು ಕಾಗದ ಬೇಕಾಗಲಿಲ್ಲ. ಅಂದು ಗೂಡಿಗೆ ಹಾಕಿದ್ದೆಲ್ಲ ಗೂಡಿನಲ್ಲೇ ಇತ್ತು, ತಲೆಯಲ್ಲೂ ಇತ್ತು. ಒಂದೇ ಒಂದು ಹಾಳೆ ಅಚ್ಚು ತೆಗೆದೆ. ಅದರಲ್ಲಿರುವುದು ಇದು:

"ಈ ಕಥೆಯಲ್ಲಿ ಗಂಡನನ್ನು ದೂರುವುದು ಸುಲಭ. ಆದರೆ ಆ ಬಾಗಿಲಿನ ತನಕ ಬಂದ ಒಬ್ಬನೇ ಹೊರಗಿನವನು ಅವಳ ಅಣ್ಣ. ಅವನು ಕೆಟ್ಟವನಲ್ಲ, ಹಣ್ಣು ತಂದಿದ್ದಾನೆ. ಅವರು ಹೇಳಿದ್ದನ್ನು ನಂಬುತ್ತಾನೆ, ಏಕೆಂದರೆ ನಂಬಿದರೆ ಬೇಗ ಮನೆಗೆ ಹೋಗಬಹುದು. ಅಲ್ಲಿಯವರೆಗೆ ಅವಳಿಗೆ ಹೋಗಲು ಒಂದು ಮನೆ ಇತ್ತು. ಅವನು ನಿಮ್ಮಿಷ್ಟ ಎಂದ ಮೇಲೆ ಅದೂ ಇಲ್ಲ. ಚಿಲಕ ಹಾಕಿದವರು ಮನೆಯವರು, ಅದು ಗಟ್ಟಿಯಾದದ್ದು ಅವನು ತಿರುಗಿ ನಡೆದಾಗ. ಕಥೆ ಅವನನ್ನು ಮತ್ತೆ ಕರೆಯುವುದಿಲ್ಲ."

ಹಾಳೆಯನ್ನು ನೀಲಮ್ಮನಿಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು. ಅಂಚು ಸರಿಯಿದೆಯೇ ಎಂದು ಅಭ್ಯಾಸಬಲದಿಂದ ಒಮ್ಮೆ ಮಡಿಸಿ ಬಿಚ್ಚಿದಳು.

"ಅಣ್ಣ ಮತ್ತೆ ಬಂದ ಅಂತ ಇದ್ರಾಗೆ ಇಲ್ಲಲ್ಲ?"

"ಕಥೆಯಾಗೆ ಬರೋದಿಲ್ಲವ್ವ ಅವನು."

"ಹಂಗಾದ್ರೆ ಕೆಳಗೆ ಸೇರ್ಸು, ಬಂದ ಅಂತ." ಹಾಳೆ ನನ್ನ ಕೈಗೆ ಕೊಟ್ಟು ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಏಳು ತಿಂಗ್ಳು ತಡ ಮಾಡಿ ಬಂದ ಅಂತಾನೂ ಸೇರ್ಸು."

ಸೇರಿಸಿದ್ದೇನೆ.